ಎಮ್ಮೆ ತುಳಿದ ಮಣ್ಣು, ಊರು ಎತ್ತಿದ ಶಾಲೆ

ಹಿಲಿಯ ಗಡಿಯಲ್ಲಿ ನಿಂತರೆ ಎದುರಿಗೇ ರೈಲುಹಳಿ. ಹಳಿ ಬಾಂಗ್ಲಾದೇಶದ್ದು, ಅದಕ್ಕೆ ಒತ್ತಿಕೊಂಡೇ ಇರುವ ಮನೆಗಳು ಭಾರತದವು. 1947ರಲ್ಲಿ ರಾಡ್‌ಕ್ಲಿಫ್ ಎಳೆದ ಗೆರೆ ದಿನಾಜ್‌ಪುರ ಎಂಬ ಒಂದು ಜಿಲ್ಲೆಯನ್ನು ಸೀಳಿದಾಗ ಪಶ್ಚಿಮದ ಪಾಲು ನಮ್ಮಲ್ಲಿ ಉಳಿಯಿತು, ಜಿಲ್ಲೆಗೆ ಹೆಸರು ಕೊಟ್ಟ ಪಟ್ಟಣ ಆಚೆಗೆ ಹೋಯಿತು. ಕೋಲ್ಕತ್ತಾದಿಂದ ರಾತ್ರಿ ರೈಲು ಹಿಡಿದು ಬಾಲುರ್‌ಘಾಟ್‌ಗೆ, ಅಲ್ಲಿಂದ ಬಸ್ಸಿನಲ್ಲಿ ಹಿಲಿಗೆ ಬಂದು, ಪಾಸ್‌ಪೋರ್ಟಿಗೆ ಎರಡೂ ಕಡೆಯ ಮುದ್ರೆ ಹಾಕಿಸಿಕೊಂಡು ಆಚೆ ನಡೆದಾಗ ಗಡಿಯಾರ ಅರ್ಧ ಗಂಟೆ ಮುಂದಕ್ಕೆ ಹೋಯಿತು. ಗದ್ದೆ ಅದೇ, ಮಾತು ಅದೇ, ಕಾಲಿಗೆ ಹತ್ತುವ ಬೂದು ಮಣ್ಣೂ ಅದೇ.

ನಾನು ಹೊರಟದ್ದು ಆ ಮಣ್ಣನ್ನು ನೋಡುವುದಕ್ಕೆ. ದಿನಾಜ್‌ಪುರ ಜಿಲ್ಲೆಯ ಬಿರಾಲ್ ಉಪಜಿಲ್ಲಾದಲ್ಲಿ ರುದ್ರಪುರ ಎಂಬ ಹಳ್ಳಿಯಿದೆ. 2005ರ ಕೊನೆಯ ತಿಂಗಳುಗಳಲ್ಲಿ ಅಲ್ಲಿನವರು ತಮ್ಮ ನೆಲದ ಮಣ್ಣು, ತಮ್ಮ ಗದ್ದೆಯ ಹುಲ್ಲು, ತಮ್ಮ ಮೆಳೆಯ ಬಿದಿರು ಬಳಸಿ ಎರಡು ಅಂತಸ್ತಿನ ಶಾಲೆಯೊಂದನ್ನು ಕಟ್ಟಿದರು. ಎರಡು ವರ್ಷಗಳ ನಂತರ, 2007ರಲ್ಲಿ, ಆ ಶಾಲೆಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ವಾಸ್ತುಶಿಲ್ಪದ ಪುಸ್ತಕಗಳಲ್ಲಿ ಅದರ ಚಿತ್ರ ನೋಡದವರು ಕಡಿಮೆ. ಚಿತ್ರ ನನಗೆ ಸಾಕಾಗಲಿಲ್ಲ. ಅಷ್ಟು ಮಳೆ ಬೀಳುವ ನಾಡಿನಲ್ಲಿ ಆ ಗೋಡೆ ಹೇಗಿದೆ ಎಂದು ಕೈಯಿಟ್ಟು ನೋಡಬೇಕಿತ್ತು.

ಮಲೆನಾಡಿನಲ್ಲಿ ಹುಟ್ಟಿದವರಿಗೆ ಮಣ್ಣಿನ ಗೋಡೆ ಹೊಸದಲ್ಲ. ಮಳೆಗಾಲಕ್ಕೆ ಮೊದಲು ಗೋಡೆಗೆ ಸೋಗೆಯ ತಟ್ಟಿ ಕಟ್ಟುವುದು, ದೀಪಾವಳಿ ಹೊತ್ತಿಗೆ ಬಿಚ್ಚಿ ಕೆಮ್ಮಣ್ಣು ಬಳಿಯುವುದು ನಮ್ಮ ಮನೆಗಳ ವರ್ಷಾವರಿ ಕೆಲಸವಾಗಿತ್ತು. ನಾನು ಒಂದನೇ ತರಗತಿಗೆ ಕೂತದ್ದೂ ಅಂಥದೇ ಗೋಡೆಯ ಕೋಣೆಯಲ್ಲಿ. ಮನೆಗೊಂದು ಆಳಿನಂತೆ ಬಂದು ಮಣ್ಣು ಹೊತ್ತು, ತೋಟವಿದ್ದವರು ಅಡಿಕೆ ದಬ್ಬೆ ಕೊಟ್ಟು ಊರಿನವರೇ ಎತ್ತಿದ ಕೋಣೆ ಅದು. ಈಗ ಆ ಜಾಗದಲ್ಲಿ ಆರ್‌ಸಿಸಿ ಕಟ್ಟಡವಿದೆ. ಅದು ಸೋರಿದರೆ ಊರಿನವರು ಅರ್ಜಿ ಬರೆಯುತ್ತಾರೆ, ಏಣಿ ತರುವುದಿಲ್ಲ. ಮನಸ್ಸಿಲ್ಲವೆಂದಲ್ಲ. ಕಾಂಕ್ರೀಟಿನ ಸೋರಿಕೆ ನಿಲ್ಲಿಸುವ ಕೆಲಸ ಊರಿನಲ್ಲಿ ಯಾರ ಕೈಗೂ ಗೊತ್ತಿಲ್ಲ. ಒಂದು ಊರಿನ ಶಾಲೆ ಆ ಊರಿನ ಕೈಗೇ ಗೊತ್ತಿಲ್ಲದ ವಸ್ತುವಾಗುವುದು ಸಣ್ಣ ನಷ್ಟವಲ್ಲ ಎಂಬ ಯೋಚನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ.

ಹಿಲಿಯಿಂದ ದಿನಾಜ್‌ಪುರದ ದಾರಿಯುದ್ದಕ್ಕೂ ಇಟ್ಟಿಗೆ ಗೂಡುಗಳು. ಚಳಿಗಾಲದಲ್ಲಿ ಅವುಗಳ ಚಿಮಣಿಗಳಿಂದ ಎದ್ದ ಹೊಗೆ ಮಂಜಿನ ಜೊತೆ ಸೇರಿ ಗದ್ದೆಗಳ ಮೇಲೆ ನಿಂತುಬಿಡುತ್ತದೆ. ನದಿಗಳು ಹೊತ್ತು ತಂದು ಹಾಸಿದ ಮೆಕ್ಕಲು ಮಣ್ಣಿನ ದೇಶ ಇದು. ನೆಲದ ಮೇಲೆ ಕಲ್ಲು ಕಾಣುವುದು ಅಪರೂಪ. ಹಾಗಾಗಿ ಕಾಂಕ್ರೀಟಿಗೆ ಬೇಕಾದ ಜಲ್ಲಿಯನ್ನೂ ಇಲ್ಲಿ ಇಟ್ಟಿಗೆ ಒಡೆದೇ ಮಾಡುತ್ತಾರೆ. ರಸ್ತೆಬದಿಯಲ್ಲಿ ಕೆಂಪು ಚೂರುಗಳ ರಾಶಿಯ ಮುಂದೆ ಹೆಂಗಸರು ಕೂತು, ಸುತ್ತಿಗೆಯಲ್ಲಿ ಒಂದೊಂದೇ ಇಟ್ಟಿಗೆ ಒಡೆಯುತ್ತಿದ್ದರು. ಗದ್ದೆಯ ಮೇಲ್ಮಣ್ಣನ್ನು ಅಗೆದು, ಕಲ್ಲಿದ್ದಲಿನಲ್ಲಿ ಸುಟ್ಟು, ಸುಟ್ಟದ್ದನ್ನು ಒಡೆದು, ಅದಕ್ಕೆ ಸಿಮೆಂಟು ಬೆರೆಸಿ ಮತ್ತೆ ಗಟ್ಟಿ ಮಾಡುವ ಈ ಸರಣಿಯನ್ನು ನೋಡುತ್ತ ಹೋದಂತೆ ರುದ್ರಪುರದವರು ಮಾಡಿದ್ದು ಎಷ್ಟು ಸರಳ, ಎಷ್ಟು ಧೈರ್ಯದ ಕೆಲಸ ಎನ್ನುವುದು ದಾರಿಯಲ್ಲೇ ಅರ್ಥವಾಗತೊಡಗಿತು.

ದಿನಾಜ್‌ಪುರ ಪಟ್ಟಣ ಲಿಚಿ ಹಣ್ಣಿಗೂ ಕಟಾರಿಭೋಗ್ ಎಂಬ ಪರಿಮಳದ ಅಕ್ಕಿಗೂ ಹೆಸರುವಾಸಿ. ನಾನು ಹೋದದ್ದು ಲಿಚಿಯ ಕಾಲವಲ್ಲ. ಆಮನ್ ಭತ್ತದ ಕೊಯ್ಲು ಮುಗಿದಿತ್ತು, ಎಲ್ಲೆಲ್ಲೂ ಹುಲ್ಲಿನ ಬಣವೆಗಳಿದ್ದವು. ಪಟ್ಟಣದಿಂದ ಪುನರ್ಭವಾ ನದಿ ದಾಟಿ ಪಶ್ಚಿಮಕ್ಕೆ ಹೋಗಬೇಕು. ಬ್ಯಾಟರಿ ರಿಕ್ಷಾಕ್ಕೆ ಅಲ್ಲಿ ಈಜಿ ಬೈಕ್ ಎನ್ನುತ್ತಾರೆ. ಅದನ್ನು ಓಡಿಸುತ್ತಿದ್ದ ಹುಡುಗ ಟಿ.ವಿ. ನೋಡಿ ಕಲಿತ ಹಿಂದಿಯಲ್ಲಿ ಸಲೀಸಾಗಿ ಮಾತಾಡುತ್ತಿದ್ದ. ಅವನೇ ನನಗೆ ದುಭಾಷಿಯೂ ಆದ. "ಮಾಟಿರ್ ಸ್ಕೂಲಿಗಾ ದಾದಾ? ಅದನ್ನು ನೋಡುವುದಕ್ಕೆ ಬಹಳ ದೂರದಿಂದ ಜನ ಬರುತ್ತಾರೆ" ಎಂದ. ಮಾಟಿರ್ ಎಂದರೆ ಮಣ್ಣಿನ. ಅವನ ದನಿಯಲ್ಲಿ ಹೆಮ್ಮೆಯಿತ್ತು.

ಶಾಲೆ ದೂರದಿಂದ ಮರಗಳ ನಡುವೆ ಅರ್ಧ ಮರೆಯಾಗಿ ಕಾಣುತ್ತದೆ. ಕೆಳಗೆ ದಪ್ಪ ಮಣ್ಣಿನ ಗೋಡೆಗಳು, ಅದರ ಮೇಲೆ ಬಿದಿರಿನ ಹಗುರ ಅಂತಸ್ತು, ಎಲ್ಲಕ್ಕೂ ಮೇಲೆ ಗೋಡೆಯಿಂದ ಬಹಳ ಆಚೆಗೆ ಚಾಚಿದ ತಗಡಿನ ಮಾಡು. ಕೆಳಗಿನ ಗೋಡೆಯಲ್ಲಿ ಕಿಟಕಿಗಳು ಸಾಲಾಗಿಲ್ಲ. ದೊಡ್ಡದು ಸಣ್ಣದು ಎಂದು ಬೇರೆ ಬೇರೆ ಎತ್ತರದಲ್ಲಿವೆ. ಗೋಡೆಯ ಮೈ ನುಣುಪಲ್ಲ. ಸಲಿಕೆಯಲ್ಲಿ ಕತ್ತರಿಸಿದ ಗುರುತು, ಅಲ್ಲಲ್ಲಿ ಇಣುಕುವ ಹುಲ್ಲಿನ ಎಳೆ. ಕೈಯಿಟ್ಟರೆ ತಣ್ಣಗಿತ್ತು. ಬಡಿದರೆ ಪೊಳ್ಳು ಸದ್ದು ಬರಲಿಲ್ಲ.

ಇದರ ಹಿಂದಿನ ಕಥೆ 1997ರಿಂದ ಆರಂಭವಾಗುತ್ತದೆ. ಜರ್ಮನಿಯ ಬವೇರಿಯಾ ಪ್ರಾಂತ್ಯದ ಲಾಫೆನ್ ಎಂಬ ಸಣ್ಣ ಊರಿನ ಹುಡುಗಿ ಆನಾ ಹೆರಿಂಗರ್ ಹತ್ತೊಂಬತ್ತನೆಯ ವಯಸ್ಸಿನಲ್ಲಿ ದೀಪಶಿಖಾ ಎಂಬ ಬಾಂಗ್ಲಾದೇಶಿ ಗ್ರಾಮಾಭಿವೃದ್ಧಿ ಸಂಸ್ಥೆಯ ಜೊತೆ ಕೆಲಸ ಮಾಡಲು ರುದ್ರಪುರಕ್ಕೆ ಬಂದರು. ಹೊರಗಿನಿಂದ ಬರುವುದನ್ನು ಕಾಯದೆ, ಇರುವುದನ್ನೇ ಚೆನ್ನಾಗಿ ಬಳಸಿಕೊಳ್ಳಬೇಕು ಎಂಬುದು ಆ ಸಂಸ್ಥೆಯವರಿಂದ ತಾವು ಕಲಿತ ಮುಖ್ಯ ಪಾಠ ಎಂದು ಅವರು ಮುಂದೆ ಅನೇಕ ಸಲ ಹೇಳಿದ್ದಾರೆ. ಆಸ್ಟ್ರಿಯಾದ ಲಿಂಝ್‌ನಲ್ಲಿ ವಾಸ್ತುಶಿಲ್ಪ ಓದುವಾಗ ಅದೇ ಹಳ್ಳಿಗೆ ಒಂದು ಶಾಲೆಯ ನಕ್ಷೆ ಮಾಡಿ, 2004ರಲ್ಲಿ ಪದವಿಯ ಪ್ರಬಂಧವಾಗಿ ಸಲ್ಲಿಸಿದರು. ಹೀಗೆ ಸಲ್ಲಿಕೆಯಾಗುವ ನಕ್ಷೆಗಳು ಸಾಮಾನ್ಯವಾಗಿ ಕಪಾಟಿನಲ್ಲೇ ಉಳಿಯುತ್ತವೆ. ಇದು ನೆಲಕ್ಕೆ ಇಳಿಯಿತು. ಬರ್ಲಿನ್ನಿನ ವಾಸ್ತುಶಿಲ್ಪಿ ಐಕೆ ರೋಸ್‌ವಾಗ್ ಮಣ್ಣಿನ ತಾಂತ್ರಿಕ ಕೆಲಸಕ್ಕೆ ಜೊತೆಯಾದರು. ಬಿದಿರಿನ ಕೆಲಸಕ್ಕೆ ಬಂದವರು ಆನಾ ಅವರ ಸೋದರ ಸಂಬಂಧಿ ಎಮಾನುಯೆಲ್ ಹೆರಿಂಗರ್. ಅವರ ಕಸುಬು ಬುಟ್ಟಿ ಹೆಣೆಯುವುದು. ಕಮ್ಮಾರಿಕೆ ಬಲ್ಲ ಸ್ಟೆಫಾನಿ ಹೈಡರ್ ಎಂಬವರೂ ಬಂದರು. ಬುಟ್ಟಿ ಹೆಣೆಯುವವರು, ಕಬ್ಬಿಣ ಬಡಿಯುವವರು ಬಂದದ್ದು ನನಗೆ ತುಂಬ ಮುಖ್ಯವೆನಿಸುತ್ತದೆ. ಹಳ್ಳಿಯ ಕೆಲಸಗಾರರ ಎದುರು ಕೂತು ಕೈಯಿಂದ ಕೈಗೆ ಕಲಿಸಲು, ಅವರಿಂದ ಕಲಿಯಲು, ಕೈಗೆಲಸದವರೇ ಬೇಕು. ಭಾಷೆ ಬಾರದಿದ್ದರೂ ಆ ಪಾಠ ನಡೆಯುತ್ತದೆ.

ಮಣ್ಣಿನ ಮನೆ ದಿನಾಜ್‌ಪುರದವರಿಗೆ ತಲೆತಲಾಂತರದ್ದು. ಮತ್ತೆ ಹೊಸತಾಗಿ ಕಲಿಯುವುದೇನು? ಈ ಪ್ರಶ್ನೆಯನ್ನು ನಾನು ಊರಿನ ವಯಸ್ಸಾದ ಕೂಲಿಕಾರರೊಬ್ಬರ ಮುಂದಿಟ್ಟೆ. ಹುಡುಗ ಅವರನ್ನು ಕಾಕಾ ಎಂದು ಕರೆದ, ನಾನೂ ಹಾಗೇ ಕರೆದೆ. ಅವರು ನೇರವಾಗಿ ಉತ್ತರಿಸದೆ, ಹತ್ತಿರದ ಹಳೆಯ ಮನೆಯೊಂದಕ್ಕೆ ಕರೆದುಕೊಂಡು ಹೋಗಿ ಗೋಡೆಯ ಬುಡ ತೋರಿಸಿದರು. ಪಾಯವಿಲ್ಲ. ನೆಲದಿಂದಲೇ ಗೋಡೆ ಎದ್ದಿದೆ. ಕೆಳಗಿನಿಂದ ತೇವ ಏರಿ ಬುಡ ಉದುರಿದೆ, ಇಲಿ ಬಿಲ ತೋಡಿದೆ, ಮಾಡಿನ ಸೂರು ಗಿಡ್ಡವಾದ್ದರಿಂದ ಮಳೆಯ ಇರಚಲು ಮೇಲಿಂದಲೂ ಕೊರೆದಿದೆ. "ನಮ್ಮಪ್ಪ ಹೀಗೆ ಕಟ್ಟಿದರು, ನಾನೂ ಹೀಗೆ ಕಟ್ಟಿದೆ. ಹತ್ತು ವರ್ಷಕ್ಕೊಮ್ಮೆ ಬೀಳುತ್ತದೆ, ಮತ್ತೆ ಕಟ್ಟುತ್ತೇವೆ. ದುಡ್ಡು ಬಂದರೆ ಇಟ್ಟಿಗೆಯದು ಕಟ್ಟೋಣ ಎಂದೇ ಎಲ್ಲರ ಮನಸ್ಸಿನಲ್ಲಿತ್ತು" ಎಂದರು.

ಹಳ್ಳಿಗರು ಇಟ್ಟಿಗೆ ಬಯಸುವುದನ್ನು ಪೇಟೆಯಿಂದ ಹೋದವರು ಅಜ್ಞಾನ ಎಂದು ತಿಳಿಯುವುದುಂಟು. ಆ ಬುಡ ನೋಡಿದ ಮೇಲೆ ಹಾಗೆನ್ನಲು ನಾಲಿಗೆ ಏಳುವುದಿಲ್ಲ. ಬೀಳುವ ಗೋಡೆಯ ಕೆಳಗೆ ಮಕ್ಕಳನ್ನು ಮಲಗಿಸಿದವರಿಗೆ ಬೀಳದ ಗೋಡೆ ಬೇಕು ಎನಿಸುವುದು ನ್ಯಾಯ. ರುದ್ರಪುರದ ಶಾಲೆ ಮಣ್ಣನ್ನು ಹೊಗಳಲಿಲ್ಲ, ಅದರ ರೋಗ ಎಲ್ಲಿದೆ ಎಂದು ಹುಡುಕಿತು. ಅಲ್ಲಿ ಅರ್ಧ ಮೀಟರು ಆಳದಿಂದ ಇಟ್ಟಿಗೆಯ ಪಾಯ ಎದ್ದಿದೆ. ಪಾಯಕ್ಕೂ ಮಣ್ಣಿನ ಗೋಡೆಗೂ ನಡುವೆ ಪಾಲಿಥಿನ್ ಹಾಳೆಯನ್ನು ಎರಡು ಪದರ ಹಾಸಿದ್ದಾರೆ, ತೇವ ಏರದಂತೆ. ಸಂತೆಯಲ್ಲಿ ಸಿಗುವ ಸಾಧಾರಣ ಪ್ಲಾಸ್ಟಿಕ್ಕು. ಹಳೆಯ ಗೋಡೆಗೂ ಹೊಸ ಗೋಡೆಗೂ ಇರುವ ಅತಿ ದೊಡ್ಡ ವ್ಯತ್ಯಾಸ ಕಣ್ಣಿಗೆ ಬೀಳದ ಆ ಹಾಳೆಯೇ. ಇನ್ನೊಂದು, ಮಾಡಿನ ಚಾಚು. ಮಣ್ಣಿನ ಕಟ್ಟಡಕ್ಕೆ ಒಳ್ಳೆಯ ಕಾಲೂ ಒಳ್ಳೆಯ ತಲೆಯೂ ಬೇಕೆಂಬ ತಿಳಿವಳಿಕೆ ನಮ್ಮ ಮಲೆನಾಡಿನ ಮೇಸ್ತ್ರಿಗಳಿಗೆ ಚೆನ್ನಾಗಿಯೇ ಇತ್ತು. ಕಲ್ಲು ಸಿಗುವ ಕಡೆ ಕಲ್ಲಿನ ಪಾಯ ಹಾಕಿ, ಜಗಲಿಯ ಮೇಲೆ ಸೂರು ಇಳಿಸಿ ಅವರು ಅದನ್ನು ಸಾಧಿಸಿದ್ದರು. ಕಲ್ಲೇ ಇಲ್ಲದ ಈ ಬಯಲಿನಲ್ಲಿ ಅದು ಕಷ್ಟವಾಗಿತ್ತು.

ಗೋಡೆ ಎತ್ತುವ ಕ್ರಮವನ್ನು ಕಾಕಾ ನೆಲದ ಮೇಲೆ ಕಡ್ಡಿಯಿಂದ ಗೀರಿ ವಿವರಿಸಿದರು. ಅಗೆದ ಮಣ್ಣನ್ನು ಹೊಂಡದಲ್ಲಿ ನೆನೆಸಿ, ಭತ್ತದ ಹುಲ್ಲು ಹರಡಿ, ಎಮ್ಮೆ, ದನಗಳನ್ನು ಬಿಟ್ಟು ತುಳಿಸುತ್ತಾರೆ. ಎಮ್ಮೆಗೆ ಕೆಸರು ಇಷ್ಟ, ಮನುಷ್ಯರ ಹತ್ತಾಳಿನ ಕೆಲಸವನ್ನು ಅದು ಸುಮ್ಮನೆ ಸುತ್ತು ಹಾಕುತ್ತಲೇ ಮುಗಿಸುತ್ತದೆ. ಹುಲ್ಲೂ ಮಣ್ಣೂ ಬೇರೆಯೆಂದು ತಿಳಿಯದಷ್ಟು ಬೆರೆತ ಮೇಲೆ ಆ ಮುದ್ದೆಯನ್ನು ಹೊತ್ತು ತಂದು ಪಾಯದ ಮೇಲೆ ಪೇರಿಸುತ್ತಾರೆ. ಅಚ್ಚಿಲ್ಲ, ಹಲಗೆಯ ಚೌಕಟ್ಟಿಲ್ಲ. ಸುಮಾರು 65 ಸೆಂಟಿಮೀಟರಿನಷ್ಟು ಎತ್ತರಕ್ಕೆ ಒಂದು ವರಸೆ. ಕೆಲವು ದಿನ ಬಿಟ್ಟು, ಮಣ್ಣು ಗಟ್ಟಿಯಾಗುತ್ತ ಬಂದಾಗ, ಆದರೆ ಪೂರ್ತಿ ಒಣಗುವ ಮೊದಲು, ಹರಿತವಾದ ಸಲಿಕೆಯಿಂದ ಎರಡೂ ಬದಿ ನೇರವಾಗಿ ಕತ್ತರಿಸುತ್ತಾರೆ. ಹಬ್ಬದಲ್ಲಿ ಬರ್ಫಿಯ ಅಂಚು ಕೊಯ್ದ ಹಾಗೆ ಉಳಿದ ಮಣ್ಣು ಕೆಳಗೆ ಬೀಳುತ್ತದೆ. ಅದು ವ್ಯರ್ಥವಲ್ಲ, ಮತ್ತೆ ಹೊಂಡಕ್ಕೆ ಹೋಗುತ್ತದೆ. ಇನ್ನೊಂದು ವಾರದಷ್ಟು ಒಣಗಲು ಬಿಟ್ಟು ಮೇಲಿನ ವರಸೆ. ಮೂರನೆಯ, ನಾಲ್ಕನೆಯ ವರಸೆಗೆ ಬಾಗಿಲು ಕಿಟಕಿಗಳ ಮೇಲಿನ ಅಡ್ಡಪಟ್ಟಿ ಕೂರುತ್ತದೆ, ಕೊನೆಗೆ ಗೋಡೆಯ ನೆತ್ತಿಯ ಮೇಲೆ ದಪ್ಪ ಬಿದಿರಿನ ಸುತ್ತುಪಟ್ಟಿ. ಆತುರ ಮಾಡುವಂತಿಲ್ಲ. ಬಿಸಿಲು ಕೊಟ್ಟಷ್ಟೇ ವೇಗ. ಅದಕ್ಕೇ ಮಳೆಗಾಲ ಹಿಂದೆ ಸರಿದ ಮೇಲೆ ಕೆಲಸ ಹಿಡಿದದ್ದು.

ಆ ದಿನಗಳಲ್ಲಿ ಶಾಲೆಯ ಮಕ್ಕಳೂ ಕಾಲು ಕೆಸರು ಮಾಡಿಕೊಂಡರು, ಮೇಷ್ಟ್ರುಗಳೂ ಮಣ್ಣು ಹೊತ್ತರು. ಕೂಲಿ ಮಾಡಿದವರು ಸುತ್ತಮುತ್ತಲಿನ ಹಳ್ಳಿಗಳವರೇ. ಸಿಮೆಂಟು, ಕಬ್ಬಿಣ ಕೊಂಡರೆ ಹೊರಗೆ ಹೋಗುತ್ತಿದ್ದ ಹಣ ಕೂಲಿಯ ರೂಪದಲ್ಲಿ ಅಲ್ಲಿಯೇ ಸುತ್ತಿತು. ಅಕ್ಕಿಯ ಅಂಗಡಿಗೆ, ಮಗಳ ಓದಿಗೆ, ತಗಡಿನ ಮಾಡಿಗೆ ಹೋಯಿತು. ಕಟ್ಟಡದ ಲೆಕ್ಕಪತ್ರದಲ್ಲಿ ಇಂಥದ್ದಕ್ಕೆ ಕಾಲಂ ಇರುವುದಿಲ್ಲ. ಇರಬೇಕಿತ್ತು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೇಲಿನ ಅಂತಸ್ತಿಗೆ ಹತ್ತಿದರೆ ಬೇರೆಯೇ ಲೋಕ. ಕೆಳಗಿನ ಕೋಣೆಗಳ ಮಂದ ತಂಪು ಬಿಟ್ಟು ಬೆಳಕಿನೊಳಗೆ ಬಂದಂತೆ. ನೆಲಕ್ಕೆ ಬಿದಿರಿನ ಗಳಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಮೂರು ಪದರ ಹಾಕಿ, ಮೇಲೆ ದಬ್ಬೆ ಹಾಸಿ, ಮಣ್ಣು ತುಂಬಿದ್ದಾರೆ. ಮಾಡು ಹೊರುವ ಚೌಕಟ್ಟಿನ ತೊಲೆಗಳು ನಾಲ್ಕು ಪದರ ಬಿದಿರಿನವು. ಸೇರಿಕೆಗಳಲ್ಲಿ ಕಬ್ಬಿಣದ ಕಡ್ಡಿ ತೂರಿಸಿ ನೈಲಾನ್ ಹಗ್ಗದಿಂದ ಬಿಗಿದಿದ್ದಾರೆ. ಗುಡಿಸಲಿಗೆ, ಬೇಲಿಗೆ ಮಾತ್ರ ಬಳಸುತ್ತಿದ್ದ ಬಿದಿರು ಒಂದು ತರಗತಿಯಷ್ಟು ಮಕ್ಕಳನ್ನು ಹೊತ್ತು ನಿಂತಿದೆ. ಮಾಡಿನ ಕೆಳಗೆ ಬಣ್ಣದ ಸೀರೆಗಳನ್ನು ಕಟ್ಟಿದ್ದ ಚಿತ್ರಗಳನ್ನು ಪುಸ್ತಕಗಳಲ್ಲಿ ನೋಡಿದ್ದೆ. ಬಿದಿರ ಸಂದಿನಿಂದ ಬೀಸಿದ ಗಾಳಿಗೆ ಆ ಬಟ್ಟೆ ಉಬ್ಬುವುದು, ಬೆಳಕು ಬಣ್ಣ ಹಿಡಿದು ನೆಲಕ್ಕೆ ಇಳಿಯುವುದು ಪುಸ್ತಕದಲ್ಲಿ ತಿಳಿದಿರಲಿಲ್ಲ.

ಮಕ್ಕಳಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕೆಳಗಿನ ತರಗತಿಗಳ ಹಿಂದಿನ ಗುಹೆಗಳು. ಪ್ರತಿ ಕೋಣೆಯ ಹಿಂಗೋಡೆಯಲ್ಲಿ ದುಂಡನೆಯ ಬಾಯಿ. ಅದರೊಳಗೆ ನುಗ್ಗಿದರೆ ಮಣ್ಣಿನಲ್ಲೇ ತಿದ್ದಿದ ಮೆತ್ತನೆ ಬಾಗುಗಳ ಪುಟ್ಟ ಜಾಗ. ಓದಬಹುದು, ಗುಟ್ಟು ಹೇಳಬಹುದು, ಸಿಟ್ಟು ಬಂದರೆ ಒಬ್ಬರೇ ಕೂತು ಇಳಿಸಿಕೊಳ್ಳಬಹುದು. ಇಟ್ಟಿಗೆಯಲ್ಲಿ ಇಂಥ ಆಕಾರ ಬಹಳ ದುಬಾರಿ, ಮಣ್ಣಿನಲ್ಲಿ ಕೈಯೇ ಸಾಕು. ಮೆಟಿ ಎಂದು ಕರೆಯುವ ಈ ಶಾಲೆಯಲ್ಲಿ ಮಕ್ಕಳು ಗುಂಪಾಗಿ ಚರ್ಚಿಸಿ, ಜೋಡಿಯಾಗಿ ಕಲಿಯಬೇಕು, ಸಂತೋಷದಿಂದ ಕಲಿಯಬೇಕು ಎಂಬುದೇ ಆರಂಭದಿಂದ ಇದ್ದ ಆಶಯ. ಹೆದರಿಕೆಯಿಂದ ಗೋಡೆಗೆ ಒರಗಿ ನಿಲ್ಲುವ ಮಗುವಿಗೆ ಗೋಡೆಯೊಳಗೇ ಜಾಗ ಕೊಟ್ಟವರು ಮಕ್ಕಳನ್ನು ಬಲ್ಲವರು.

ಇಂಥದೇ ಕೆಲಸ ಇದಕ್ಕೆ ಕೆಲವೇ ವರ್ಷ ಮೊದಲು ಆಫ್ರಿಕಾದಲ್ಲಿ ನಡೆದಿತ್ತು. ಬುರ್ಕಿನಾ ಫಾಸೊದ ಗಾಂಡೊ ಹಳ್ಳಿಯ ಮುಖ್ಯಸ್ಥನ ಮಗ ಫ್ರಾನ್ಸಿಸ್ ಕೆರೆ, ಊರಿನಲ್ಲಿ ಶಾಲೆಯಿಲ್ಲದೆ ಏಳರ ವಯಸ್ಸಿಗೇ ಮನೆ ಬಿಟ್ಟು ಓದಲು ಹೋದವರು. ಬರ್ಲಿನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಹಣ ಕೂಡಿಸಿ 2001ರಲ್ಲಿ ತಮ್ಮೂರಿಗೆ ಶಾಲೆ ಕಟ್ಟಿಸಿದರು. ಮಣ್ಣಿನಲ್ಲಿ ಕಟ್ಟೋಣ ಎಂದಾಗ ಮಳೆಗೆ ನಿಲ್ಲುವುದಿಲ್ಲ ಎಂದು ಅಲ್ಲಿಯೂ ಊರಿನವರು ಒಪ್ಪಲಿಲ್ಲ. ಕೊನೆಗೆ ಒಪ್ಪಿ, ಮಕ್ಕಳು ಕಲ್ಲು ಹೊತ್ತರು, ಹೆಂಗಸರು ಸಾಲಾಗಿ ಕೂತು ನೆಲ ಬಡಿದು ಗಟ್ಟಿ ಮಾಡಿದರು. ಅದಕ್ಕೂ 2004ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು. 2022ರಲ್ಲಿ ಕೆರೆ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ. ನಮ್ಮ ಬೆಂಗಳೂರಿನಲ್ಲೂ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಆರಂಭವಾಗಿ, ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ತುಸು ಸಿಮೆಂಟು ಸೇರಿಸಿ ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ಪಳಗಿಸಿದರು. ಅದರಲ್ಲಿ ಕಟ್ಟಿದ ಮನೆಗಳು ಬೆಂಗಳೂರಿನಲ್ಲಿ ಎಷ್ಟೋ ಇವೆ. ಹಳ್ಳಿಯ ಶಾಲೆಗಳಿಗೆ ಆ ತಿಳಿವಳಿಕೆ ಇಳಿಯಬೇಕಾದಷ್ಟು ಇಳಿಯಲಿಲ್ಲ ಎಂಬ ಕೊರಗು ನನಗಿದೆ.

ರುದ್ರಪುರದಲ್ಲಿ ಅದು ಇಳಿಯಿತು. ಶಾಲೆ ಮುಗಿದ ಮೇಲೂ ಕೆಲಸ ನಿಲ್ಲಲಿಲ್ಲ. ಢಾಕಾದ ಬ್ರ್ಯಾಕ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿದ್ಯಾರ್ಥಿಗಳು ಬಂದು ಇದೇ ಕೆಲಸಗಾರರ ಜೊತೆ ಹಳ್ಳಿಯ ಕುಟುಂಬಗಳಿಗೆ ಎರಡು ಅಂತಸ್ತಿನ ಮಣ್ಣಿನ ಮನೆಗಳನ್ನು ಕಟ್ಟಿದರು. ಗದ್ದೆ ತಿನ್ನದೆ ಮನೆ ಮೇಲಕ್ಕೆ ಬೆಳೆಯಲಿ ಎಂಬುದು ಅದರ ಹಿಂದಿನ ಲೆಕ್ಕ. 2008ರಲ್ಲಿ ವಿದ್ಯುತ್ ಕೆಲಸ ಕಲಿಸುವ ದೇಸಿ ಎಂಬ ತರಬೇತಿ ಕಟ್ಟಡ ಎದ್ದಿತು, ಅದಕ್ಕೆ ಬೇಕಾದ ಕರೆಂಟು ಅದರದೇ ಸೌರ ಫಲಕಗಳಿಂದ. 2019ರಲ್ಲಿ ಆನಂದಾಲಯ ಬಂತು. ಕೆಳಗೆ ಅಂಗವಿಕಲರಿಗೆ ಆರೈಕೆಯ ಕೇಂದ್ರ, ಮೇಲೆ ಹೆಂಗಸರು ಹೊಲಿಗೆ, ಕಸೂತಿ ಮಾಡುವ ಜಾಗ. ಅದಕ್ಕೆ 2020ರಲ್ಲಿ ಡೆನ್ಮಾರ್ಕಿನ ಓಬೆಲ್ ಪ್ರಶಸ್ತಿ ದೊರೆಯಿತು. ಕಟ್ಟಡವನ್ನು ಸುತ್ತಿ ಮೇಲೇರುವ ಇಳಿಜಾರು ದಾರಿಯೇ ಅದರ ಮುಖ. ಗಾಲಿಕುರ್ಚಿಯಲ್ಲಿ ಬರುವವರಿಗಾಗಿ ಮಾಡಿದ ದಾರಿಯನ್ನು ಹಿತ್ತಲಿಗೆ ತಳ್ಳದೆ ಎದುರಿಗೇ ಇಟ್ಟಿದ್ದಾರೆ. ಗೋಡೆಗಳು ನೇರವಾಗಿಲ್ಲ, ಬಳುಕುತ್ತ ಹೋಗುತ್ತವೆ. ಮೊದಲ ಶಾಲೆಯಲ್ಲಿ ಮಣ್ಣು ಮೆಟ್ಟಿ ಕಲಿತವರ ಕೈ ಎಷ್ಟು ಪಳಗಿದೆ ಎಂದು ಆ ಬಳುಕಿನಲ್ಲಿ ತಿಳಿಯುತ್ತದೆ. ಪ್ರಶಸ್ತಿಗಳಿಗಿಂತ ನನಗೆ ಬೆಲೆಯುಳ್ಳದ್ದು ಇದೇ. ಶಾಲೆ ಕಟ್ಟುವ ಕೆಲಸವೇ ಮೊದಲ ಶಾಲೆಯಾಯಿತು, ಅದರಲ್ಲಿ ಓದಿದವರು ದೊಡ್ಡವರು.

ಮಣ್ಣಿನ ಗೋಡೆಗೆ ಆರೈಕೆ ತಪ್ಪುವುದಿಲ್ಲ. ಬಿದಿರಿಗೆ ಹುಳ ಹಿಡಿಯಬಹುದು, ಹಗ್ಗ ಸಡಿಲವಾಗಬಹುದು, ಇರಚಲು ಬಡಿದ ಕಡೆ ಮಣ್ಣು ಮೆತ್ತಬೇಕು. ಇದನ್ನು ದೋಷವೆಂದು ಬರೆದವರಿದ್ದಾರೆ. ಆರೈಕೆ ಬೇಡದ ಕಟ್ಟಡ ಎಲ್ಲಿಯೂ ಇಲ್ಲ. ಆರೈಕೆ ಯಾರ ಕೈಯಲ್ಲಿದೆ ಎಂಬುದಷ್ಟೇ ವ್ಯತ್ಯಾಸ. ಹಾಗೆಂದು ರುದ್ರಪುರದ ನಕ್ಷೆಯನ್ನು ಎತ್ತಿ ತಂದು ಹಾವೇರಿಯಲ್ಲೋ ಕಲಬುರಗಿಯಲ್ಲೋ ಇಟ್ಟರೆ ಆಗದು. ಅಲ್ಲಿನ ಮಣ್ಣಿನ ಗುಣ ಬೇರೆ. ಕಲಬುರಗಿ ಸೀಮೆಗೆ ತನ್ನದೇ ಹಾಸುಗಲ್ಲಿದೆ, ಕರಾವಳಿಗೆ ಮುರಕಲ್ಲಿದೆ. ರುದ್ರಪುರದಿಂದ ತರಬೇಕಾದದ್ದು ಹುಡುಕುವ ಕ್ರಮ. ಕಾಲಬುಡದಲ್ಲಿ ಏನಿದೆ, ಊರಿನ ಕೈಗೆ ಏನು ಗೊತ್ತಿದೆ, ಎಲ್ಲಿ ಸೋಲುತ್ತಿದೆ, ಸೋಲುವಲ್ಲಿ ಮಾತ್ರ ಹೊರಗಿನದೇನು ಸೇರಿಸಬೇಕು.

ಹೊರಡುವ ಮೊದಲು ಕಾಕಾ ತಮ್ಮ ಮನೆಗೆ ಕರೆದರು. ಅವರ ಹೆಂಡತಿ ಜಗಲಿಯ ಅಂಚಿಗೆ ಮಣ್ಣು ಸಗಣಿ ಕಲಸಿ ಬಳಿಯುತ್ತಿದ್ದರು. ನಮ್ಮಲ್ಲಿ ಸಾರಿಸುವ ಹಾಗೇ, ಅಂಗೈ ಅಗಲಿಸಿ, ಅರ್ಧಚಂದ್ರದ ಗೆರೆ ಬಿಡುತ್ತ. ಕೈ ತೊಳೆದು ಬಂದು ಚಹಾ, ಮಂಡಕ್ಕಿ ಕೊಟ್ಟು ಎದುರಿಗೆ ಕೂತರು. "ನಿಮ್ಮ ದೇಶದಲ್ಲಿ ಮಣ್ಣು ಹೇಗಿದೆ?" ಎಂದು ಹುಡುಗನ ಮೂಲಕ ಕೇಳಿಸಿದರು. ನಮ್ಮೂರಿನದು ಕೆಂಪು, ಬಯಲುಸೀಮೆಯದು ಕಪ್ಪು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ ಎಂದೆ. ಬಿರಿಯುವ ಮಣ್ಣೆಂದಾಗ ಅವರಿಗೆ ಆಸಕ್ತಿ ಹೆಚ್ಚಾಯಿತು.

"ಮರಳು ಬೆರೆಸಿ. ಹುಲ್ಲು ಜಾಸ್ತಿ ಹಾಕಿ. ಒಮ್ಮೆಗೇ ಗೋಡೆಗೆ ಹೋಗಬೇಡಿ. ಬೇರೆ ಬೇರೆ ಬೆರಕೆ ಮಾಡಿ, ಮುಷ್ಟಿಯಷ್ಟು ಉಂಡೆ ಕಟ್ಟಿ ಬಿಸಿಲಲ್ಲಿಡಿ. ಒಣಗಿದ ಮೇಲೆ ಯಾವುದು ಬಿರುಕು ಬಿಡದೆ ಉಳಿಯುತ್ತದೋ ಅದನ್ನು ಹಿಡಿಯಿರಿ."

ನಾನು ಪುಸ್ತಕ ತೆಗೆದು ಬರೆದುಕೊಳ್ಳುತ್ತ, "ಹುಲ್ಲು ಎಷ್ಟು ಜಾಸ್ತಿ ಮಾಶಿ?" ಎಂದು ಕೇಳಿದೆ.

"ಅದು ಹುಲ್ಲಿನ ಮೇಲಿದೆ" ಎಂದರು ಅವರು. "ನಿಮ್ಮಲ್ಲಿ ಬೆಳೆಯುವುದು ಯಾವ ಭತ್ತ? ಹುಲ್ಲು ಉದ್ದವೋ, ಗಿಡ್ಡವೋ?"